ಖತಾವಣಿಯ ಪಾಠಾಂತರಗಳು

ಹಳಗನ್ನಡವನ್ನು ವಿಶೇಷ ವಿಷಯವಾಗಿ ಆಯ್ದುಕೊಂಡು ಕನ್ನಡ ಎಂ.ಎ. ಮುಗಿಸಿದವರು ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರೆ ಅದನ್ನು ಒಂದು ಅವಘಡವೆಂದೇ ಭಾವಿಸುವ ರೂಢಿ ಬಂಧುಬಳಗದಲ್ಲಿಯೂ ವಿಶ್ವವಿದ್ಯಾನಿಲಯಗಳ ಕಾರಿಡಾರುಗಳಲ್ಲಿಯೂ ಸಮಾನವಾಗಿ ಬೇರೂರಿದೆ. ಛಂದಸ್ಸನ್ನೂ ಜಮಾಖರ್ಚನ್ನೂ ಒಟ್ಟಿಗೆ ಅಭ್ಯಾಸ ಮಾಡಿದವರು ವಿರಳವಾದುದರಿಂದ ಈ ಅಭಿಪ್ರಾಯವನ್ನು ಯಾರೂ ಶಾಸ್ತ್ರೀಯವಾಗಿ ಖಂಡಿಸಿದಂತೆ ಕಾಣುವುದಿಲ್ಲ. ಇಂಥವರ ವೃತ್ತಿಪಲ್ಲಟವನ್ನು ಹೆಚ್ಚೆಂದರೆ ಒಂದೇ ಇಲಾಖೆಯೊಳಗಿನ ವರ್ಗಾವಣೆ ಎನ್ನಬಹುದೆಂಬುದು ಪ್ರಸ್ತುತ ಬರಹದ ಪ್ರತಿಜ್ಞೆ. ಪ್ರಬಂಧಕಾರನೂ ಈ ಗುಂಪಿಗೆ ಸೇರಿದವನಿರಬಹುದೇ ಎಂದು ಓದುಗರು ಶಂಕಿಸಿದರೆ, ಆ ಶಂಕೆಯನ್ನು ನಿವಾರಿಸಲು ಬೇಕಾದ ಆಧಾರಗಳು ಈವರೆಗೆ ದೊರೆತಿಲ್ಲ.

ಮೊದಲಿಗೆ ಕಂದಪದ್ಯವನ್ನು ಗಮನಿಸಬೇಕು. ಹತ್ತನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’ಯ ಕಾಲದಿಂದ ಕನ್ನಡ ವಿದ್ಯಾರ್ಥಿಗಳನ್ನು ಕಾಡುತ್ತ ಬಂದಿರುವ ಈ ಪದ್ಯಜಾತಿಯು ನಾಲ್ಕು ಮಾತ್ರೆಯ ಗಣಗಳಿಂದ ಕಟ್ಟಿದ ನಾಲ್ಕು ಸಾಲುಗಳನ್ನು ಹೊಂದಿದ್ದು, ಲಘುವಿಗೆ 1, ಗುರುವಿಗೆ 2 ಎಂದು ಮಾತ್ರೆಗಳನ್ನು ಎಣಿಸಿದಾಗ ಒಂದನೆಯ ಮತ್ತು ಮೂರನೆಯ ಸಾಲುಗಳಲ್ಲಿ ತಲಾ 12, ಎರಡನೆಯ ಮತ್ತು ನಾಲ್ಕನೆಯ ಸಾಲುಗಳಲ್ಲಿ ತಲಾ 20 ಬರಬೇಕು, ಅಂದರೆ ಪೂರ್ವಾರ್ಧದಲ್ಲಿ 32, ಉತ್ತರಾರ್ಧದಲ್ಲಿ 32. ಜೋಡಿ ನಮೂದಿನ ಪದ್ಧತಿಯಾದರೂ ಇದನ್ನೇ ಕೇಳುತ್ತದೆ. ಪ್ರತಿಯೊಂದು ವ್ಯವಹಾರವನ್ನೂ ಒಂದು ಖಾತೆಯಲ್ಲಿ ಡೆಬಿಟ್ ಆಗಿಯೂ ಇನ್ನೊಂದು ಖಾತೆಯಲ್ಲಿ ಕ್ರೆಡಿಟ್ ಆಗಿಯೂ ಬರೆದು, ಎಲ್ಲ ಖಾತೆಗಳ ಶಿಲ್ಕನ್ನು ಎರಡು ಸಾಲಿನಲ್ಲಿ ಇಳಿಸಿ ಕೂಡಿದಾಗ ಎಡದ ಮೊತ್ತ ಬಲದ ಮೊತ್ತಕ್ಕೆ ಸಮವಾಗಬೇಕು. ಹಾಗೆ ಇಳಿಸಿದ ಪಟ್ಟಿಗೆ ತಾಳೆಪಟ್ಟಿ ಎಂದು ಹೆಸರು. ಎರಡೂ ಶಾಸ್ತ್ರಗಳ ದೌರ್ಬಲ್ಯವೂ ಒಂದೇ. ಮಾತ್ರೆಗಳೆಲ್ಲ ಸರಿಯಾಗಿದ್ದು ಅರ್ಥವೇ ಇಲ್ಲದ ಕಂದಗಳು ವಿಭಾಗದ ವಾರ್ಷಿಕ ಸಂಚಿಕೆಗಳಲ್ಲಿ ಹೇರಳವಾಗಿ ದೊರೆಯುವಂತೆ, ಹೊಸದಾಗಿ ಕೊಂಡ ಪಂಪ್‌ಸೆಟ್ಟನ್ನು ಆಸ್ತಿಯೆಂದು ತೋರಿಸದೆ ರಿಪೇರಿ ಖರ್ಚಿಗೆ ಹಾಕಿದ ಲೆಕ್ಕದಲ್ಲಿಯೂ ತಾಳೆಪಟ್ಟಿ ಮಾತ್ರ ಕಿಂಚಿತ್ತೂ ಕೊಂಕಿಲ್ಲದೆ ಹೊಂದಿಕೊಳ್ಳುತ್ತದೆ. ಇಂಥದ್ದನ್ನು ಲೆಕ್ಕಶಾಸ್ತ್ರಜ್ಞರು ತತ್ತ್ವದೋಷವೆನ್ನುತ್ತಾರೆ; ಕಾವ್ಯಮೀಮಾಂಸಕರಲ್ಲಿ ಇದಕ್ಕೆ ಹೆಸರುಗಳು ಹೆಚ್ಚು, ಪರಿಹಾರಗಳು ಕಡಿಮೆ.

ಚರಿತ್ರೆಯೂ ಈ ವಾದವನ್ನು ಬೆಂಬಲಿಸುತ್ತದೆ. ಜೋಡಿ ನಮೂದಿನ ಪದ್ಧತಿಯನ್ನು ವಿವರಿಸುವ ಅಧ್ಯಾಯವನ್ನು 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ ಸೇರಿಸಿದ ಲೂಕಾ ಪಾಚೋಲಿಯು ಅಂಗಡಿಯ ಗುಮಾಸ್ತನಾಗಿರಲಿಲ್ಲ. ಫ್ರಾನ್ಸಿಸ್ಕನ್ ಪಂಥದ ಸನ್ಯಾಸಿಯಾಗಿದ್ದನು. ಕನ್ನಡ ನಾಡಿನ ಸಂಚಾರವು ಬಹುಮಟ್ಟಿಗೆ ಎದುರು ದಿಕ್ಕಿನದು: ಪರಂಪರೆಯ ಪ್ರಕಾರ ಪುರಂದರದಾಸರು ವ್ಯಾಪಾರವನ್ನು ಬಿಟ್ಟು ಹಾಡಿಗೆ ಬಂದರು, ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಲೇ ವಚನ ಬರೆದರು. ಹಾಡಿನಿಂದ ಲೆಕ್ಕಕ್ಕೆ ಹೋದವರನ್ನು ಚರಿತ್ರೆ ನೆನಪಿಟ್ಟಿಲ್ಲ, ಅದಕ್ಕೆ ಕಾರಣ ಸ್ಪಷ್ಟವಿದೆ.

ವೃತ್ತಿಪಲ್ಲಟದ ಸಾಮಾಜಿಕ ಕಾರಣಗಳನ್ನು ವಿಸ್ತರಿಸುವ ಅಗತ್ಯವಿಲ್ಲ. ಎನ್‌ಇಟಿ ಅಥವಾ ಕೆ-ಸೆಟ್ ಪಾಸಾದವರೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿ ವರ್ಷವರ್ಷವೂ ಹೊಸದಾಗಿ ಅತಿಥಿಗಳಾಗಬೇಕಾದ ವ್ಯವಸ್ಥೆಯಲ್ಲಿ, ಆತಿಥ್ಯದ ಗೌರವಧನವು ಯಾವಾಗ ಬಂದೀತೆಂಬುದನ್ನು ಬಾಡಿಗೆ ಮನೆಯ ಮಾಲೀಕರಿಗೆ ವಿವರಿಸುವುದೇ ಒಂದು ಉಪನ್ಯಾಸವಾಗುತ್ತದೆ. ಇತ್ತ ಲೆಕ್ಕಶಾಸ್ತ್ರದ ಬಾಗಿಲು ಪೂರ್ತಿ ಮುಚ್ಚಿಲ್ಲ. 1949ರ ಕಾಯ್ದೆಯಂತೆ ಸ್ಥಾಪಿತವಾದ ಚಾರ್ಟರ್ಡ್ ಅಕೌಂಟೆಂಟುಗಳ ಸಂಸ್ಥೆಯು ಪದವೀಧರರನ್ನು ಪ್ರವೇಶ ಪರೀಕ್ಷೆಯಿಲ್ಲದೆ ನೇರವಾಗಿ ಮಧ್ಯಮ ಹಂತಕ್ಕೆ ಸೇರಿಸಿಕೊಳ್ಳುತ್ತದೆ. ವಾಣಿಜ್ಯ ಪದವೀಧರರಿಗೆ ಶೇಕಡಾ 55 ಅಂಕ ಸಾಕು, ಮಿಕ್ಕವರಿಗೆ ಶೇಕಡಾ 60 ಬೇಕು. ಈ ಶೇಕಡಾ 5ರ ವ್ಯತ್ಯಾಸವನ್ನು ಪಂಪ, ರನ್ನರನ್ನು ಓದಿದ್ದಕ್ಕೆ ವಿಧಿಸಿದ ದಂಡವೆಂದು ತಿಳಿಯಬಹುದು. ಪ್ರಬಂಧಕಾರನು ಆ ದಂಡವನ್ನು ತೆರುವ ಸ್ಥಿತಿಯಲ್ಲಿ ಇಲ್ಲದ ಕಾರಣ ಟ್ಯಾಲಿ ತರಗತಿಗೆ ಸೇರಿ, ಚಿಕ್ಕಮಗಳೂರಿನ ಒಬ್ಬ ಆಡಿಟರ ಕಚೇರಿಯಲ್ಲಿ ಲೆಕ್ಕ ಬರೆಯುವ ಮೇಜನ್ನು ಪಡೆದನು. ಈ ಸಂದರ್ಭದಲ್ಲಿ ಬಂಧುಗಳಿಂದ ಬಂದ ಪ್ರತಿಕ್ರಿಯೆಗಳನ್ನು ಎರಡು ವರ್ಗಗಳಾಗಿ ವಿಂಗಡಿಸಬಹುದು. ‘ಇದಕ್ಕೆ ಎಂ.ಎ. ಯಾಕೆ ಬೇಕಿತ್ತು’ ಎಂದವರದು ಒಂದು ವರ್ಗ, ಎಂ.ಎ. ಓದುವಾಗಲೂ ಇದೇ ಪ್ರಶ್ನೆಯನ್ನು ಕೇಳಿದವರದು ಇನ್ನೊಂದು. ಎರಡೂ ವರ್ಗದವರು ತಮ್ಮ ಆದಾಯ ತೆರಿಗೆಯ ರಿಟರ್ನನ್ನು ಈಗ ಪ್ರಬಂಧಕಾರನಿಂದಲೇ ಬಿಟ್ಟಿಯಾಗಿ ತುಂಬಿಸಿಕೊಳ್ಳುತ್ತಿರುವುದನ್ನು ಇಲ್ಲಿ ದಾಖಲಿಸುವುದು ಸಂಶೋಧನೆಯ ದೃಷ್ಟಿಯಿಂದ ಅನಗತ್ಯವಾದರೂ ಮನಸ್ಸಿಗೆ ಹಿತವಾಗಿದೆ.

ಟ್ಯಾಲಿ ಎಂಬುದು ಬೆಂಗಳೂರಿನಲ್ಲಿ ಹುಟ್ಟಿದ ಲೆಕ್ಕಪತ್ರದ ತಂತ್ರಾಂಶ. ತನ್ನ ವ್ಯಾಪಾರದ ಲೆಕ್ಕ ನೋಡಲು ತಕ್ಕ ತಂತ್ರಾಂಶ ಸಿಗದೆ ಶ್ಯಾಮಸುಂದರ ಗೋಯಂಕಾ ಅವರು ಗಣಿತ ಓದಿದ್ದ ಮಗ ಭರತ್ ಗೋಯಂಕಾ ಅವರಿಂದ ಅದನ್ನು ಬರೆಸಿದರು. ಆ ಕಂಪನಿ 1986ರಲ್ಲಿ ಆರಂಭವಾಯಿತು. ಅಲ್ಲಿಯೂ ವಾಣಿಜ್ಯ ಪದವಿಯು ಮುಂಚೂಣಿಯಲ್ಲಿ ಇರಲಿಲ್ಲವೆಂಬುದನ್ನು ಬಂಧುಗಳು ಗಮನಿಸಬೇಕು. ಕೀಲಿಮಣೆಯ ಎಫ್5 ಒತ್ತಿದರೆ ಪಾವತಿ, ಎಫ್6 ಒತ್ತಿದರೆ ರಸೀದಿ, ಎಫ್7 ಒತ್ತಿದರೆ ಜರ್ನಲ್ ಎಂಬ ಸೂತ್ರವು ‘ಯಮಾತಾರಾಜಭಾನಸಲಗಂ’ ಎಂದು ಗಣಗಳನ್ನು ಬಾಯಿಪಾಠ ಮಾಡಿದವರಿಗೆ ಒಂದು ಮಧ್ಯಾಹ್ನದ ಕೆಲಸ. ಪಡೆಯುವವನಿಗೆ ಡೆಬಿಟ್, ಕೊಡುವವನಿಗೆ ಕ್ರೆಡಿಟ್ ಎಂದು ಮೊದಲಾಗುವ ಸುವರ್ಣ ನಿಯಮಗಳೂ ಹೀಗೆಯೇ ಗಂಟಲಿಗೆ ಇಳಿದವು. ತೊಡಕಾದದ್ದು ಬ್ಯಾಂಕಿನ ಪಾಸ್‌ಬುಕ್ಕು ಮಾತ್ರ: ಗ್ರಾಹಕನು ಬ್ಯಾಂಕಿಗೆ ಹಣ ಕಟ್ಟಿದಾಗ ಅವನ ಸ್ವಂತ ಪುಸ್ತಕದಲ್ಲಿ ಬ್ಯಾಂಕಿನ ಖಾತೆಗೆ ಡೆಬಿಟ್ ಬೀಳುತ್ತದೆ, ಪಾಸ್‌ಬುಕ್ಕಿನಲ್ಲಿ ಅದೇ ಹಣ ಕ್ರೆಡಿಟ್ ಆಗಿ ನಿಂತಿರುತ್ತದೆ. ಬ್ಯಾಂಕಿನ ಪುಸ್ತಕವನ್ನು ಬ್ಯಾಂಕಿನ ದೃಷ್ಟಿಯಿಂದ ಬರೆಯಲಾಗುತ್ತದೆ, ಗ್ರಾಹಕನ ಹಣವೆಂದರೆ ಬ್ಯಾಂಕಿಗೆ ಸಾಲ ಎಂದು ಹಿರಿಯ ಗುಮಾಸ್ತೆಯೊಬ್ಬರು ವಿವರಿಸಿದಾಗ, ಇದು ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸಿದ ಕ್ರಮವೆಂದು ಪ್ರಬಂಧಕಾರನು ಪ್ರತಿವಿವರಣೆ ನೀಡಿದನು, ಬಿ.ಕಾಂ. ಓದಿದ್ದ ಆಕೆ ‘ಹಾಗೇ ಇಟ್ಕೊಳ್ಳಿ ಮೇಷ್ಟ್ರೇ’ ಎಂದು ತಮ್ಮ ಕೆಲಸಕ್ಕೆ ಮರಳಿದರು. ‘ಮೇಷ್ಟ್ರು’ ಎಂಬ ಬಿರುದು ಅಂದಿನಿಂದ ಕಚೇರಿಯಲ್ಲಿ ಸ್ಥಿರವಾಯಿತು.

ಈಗ ಪ್ರಬಂಧದ ಮುಖ್ಯ ಪ್ರಕರಣಕ್ಕೆ ಬರಬಹುದು. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಲೆಕ್ಕವು ಬಹುಕಾಲ ಕೈಬರಹದ ಖತಾವಣಿಯಲ್ಲಿಯೇ ಇತ್ತು. ದಿನದ ವ್ಯವಹಾರಗಳನ್ನು ಆದ ಕ್ರಮದಲ್ಲಿ ಬರೆಯುವ ಪುಸ್ತಕಕ್ಕೆ ಕಿರ್ದಿ ಎಂದೂ, ಅವುಗಳನ್ನು ಖಾತೆವಾರು ವಿಂಗಡಿಸಿ ಏರಿಸುವ ಪುಸ್ತಕಕ್ಕೆ ಖತಾವಣಿ ಎಂದೂ ಹೆಸರು. ತೋಟದ ಬರವಣಿಗೆ ನೋಡಿಕೊಳ್ಳುವ, ಆ ಕಡೆ ‘ರೈಟ್ರು’ ಎಂದೇ ಕರೆಯಲ್ಪಡುವ ಹಿರಿಯರು ಅದನ್ನು ಅಂಕಿಗಳೂ ಸೇರಿದಂತೆ ಅಚ್ಚಕನ್ನಡದಲ್ಲಿ ಬರೆದಿದ್ದರು. ಕಚೇರಿಯಲ್ಲಿ ಉಳಿದವರು ಕನ್ನಡ ಅಂಕಿಗಳನ್ನು ಕಂಡರೆ ಬಸ್ಸಿನ ನಂಬರಿನಷ್ಟೂ ನೆಚ್ಚದ ಕಾರಣ, ಆ ಖತಾವಣಿಯ ಆರಂಭಿಕ ಶಿಲ್ಕುಗಳನ್ನು ಟ್ಯಾಲಿಗೆ ಇಳಿಸುವ ಕೆಲಸವು ಶಾಸನಗಳ ಅಂಕಿಗಳನ್ನೂ ಓದಬಲ್ಲ ಪ್ರಬಂಧಕಾರನ ಪಾಲಿಗೆ ಗೌರವಪೂರ್ವಕವಾಗಿ ಬಂದಿತು. ಎಲ್ಲವನ್ನೂ ಇಳಿಸಿ ಮುಗಿಸಿದಾಗ ಪರದೆಯ ಮೇಲೆ ‘ಆರಂಭಿಕ ಶಿಲ್ಕಿನಲ್ಲಿ ವ್ಯತ್ಯಾಸ’ ಎಂಬ ಒಂದು ಸಾಲು, ಅದರ ಮುಂದೆ 300 ರೂಪಾಯಿ ಕಾಣಿಸಿಕೊಂಡಿತು. ಟ್ಯಾಲಿಯಲ್ಲಿ ನಿತ್ಯದ ವೋಚರುಗಳು ಎರಡೂ ಕಡೆ ಸಮವಾಗದೆ ಒಳಗೆ ಹೋಗುವುದೇ ಇಲ್ಲವಾದರೂ, ಹಳೆಯ ಪುಸ್ತಕದಿಂದ ತಂದ ಶಿಲ್ಕುಗಳನ್ನು ಅದು ನಂಬಿ ಸ್ವೀಕರಿಸುತ್ತದೆ, ಆಮೇಲೆ ಹೀಗೆ ದೂರುತ್ತದೆ.

ಲೆಕ್ಕಿಗರ ಪರಂಪರೆಯಲ್ಲಿ ಇಂಥ ವ್ಯತ್ಯಾಸಕ್ಕೆ ಎರಡು ಸಿದ್ಧ ಪರೀಕ್ಷೆಗಳಿವೆ. ವ್ಯತ್ಯಾಸವು 9ರಿಂದ ಭಾಗವಾದರೆ 54ನ್ನು 45 ಎಂದು ಬರೆದಂತೆ ಎಲ್ಲಿಯೋ ಅಂಕಿಗಳು ಸ್ಥಾನಪಲ್ಲಟವಾಗಿವೆ ಎಂದು ಊಹಿಸಬೇಕು. 2ರಿಂದ ಭಾಗವಾದರೆ ಅದರ ಅರ್ಧದಷ್ಟು ಮೊತ್ತವು ಡೆಬಿಟ್ಟಿನ ಬದಲು ಕ್ರೆಡಿಟ್ಟಿಗೋ ಅದರ ತಿರುವಾಗಿಯೋ ಬಿದ್ದಿದೆಯೆಂದು ಹುಡುಕಬೇಕು. 300ರ ಅಂಕಿಗಳನ್ನು ಕೂಡಿದರೆ 3 ಬರುವುದರಿಂದ ಮೊದಲ ಪರೀಕ್ಷೆ ಅಲ್ಲಿಯೇ ಬಿದ್ದುಹೋಯಿತು. ಎರಡನೆಯ ಪರೀಕ್ಷೆಯಂತೆ 150 ರೂಪಾಯಿಯ ಖಾತೆಯನ್ನು ಹುಡುಕಿದಾಗ ಸಿಕ್ಕಿದ್ದು ಒಂದೇ, ಅದೂ ಸರಿಯಾದ ಕಡೆಯಲ್ಲಿಯೇ ನಿರ್ದೋಷಿಯಂತೆ ಕುಳಿತಿತ್ತು. ಆಗ ಕಣ್ಣಿಗೆ ಬಿದ್ದದ್ದು ಆಳುಗಳ ಮುಂಗಡದ ಪುಟಗಳಲ್ಲಿದ್ದ ಒಂದು ಅಂಕಿ. ಪ್ರಬಂಧಕಾರನು ಅದನ್ನು ೯೦೦ ಎಂದು ಓದಿದ್ದನು. ಅದು ೬೦೦ ಇರಬಹುದೆಂಬ ಸಂದೇಹ ಮೂಡಿದ್ದೇ ತಡ, ಎದುರಿಗಿದ್ದುದು ಲೆಕ್ಕದ ಪುಸ್ತಕವೆಂಬ ಪ್ರಜ್ಞೆಯು ಹೊರಟುಹೋಗಿ, ಎಂ.ಎ. ಎರಡನೆಯ ವರ್ಷದಲ್ಲಿ ಓದಿದ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯು ಸಮಗ್ರವಾಗಿ ಆವಾಹನೆಗೊಂಡಿತು.

ಗ್ರಂಥಸಂಪಾದನೆಯೆಂದರೆ ಒಂದು ಕೃತಿಯ ಹಲವು ಹಸ್ತಪ್ರತಿಗಳನ್ನು ಹೋಲಿಸಿ, ಪ್ರತಿಕಾರರ ಸ್ಖಾಲಿತ್ಯಗಳನ್ನು ಗುರುತಿಸಿ, ಕವಿಯು ಬರೆದಿರಬಹುದಾದ ಮೂಲಪಾಠವನ್ನು ನಿರ್ಣಯಿಸುವ ಶಾಸ್ತ್ರ. ಆ ಕ್ರಮದಂತೆ ಖತಾವಣಿಯನ್ನು ‘ಕ’ ಪ್ರತಿಯೆಂದೂ, ಆಳುಗಳ ಹಾಜರಿ ಮತ್ತು ಕೂಲಿಯನ್ನು ಬರೆದಿಡುವ ಚೆಕ್‌ರೋಲನ್ನು ‘ಖ’ ಪ್ರತಿಯೆಂದೂ, ಮೇಸ್ತ್ರಿಯ ಜೇಬಿನ ಡೈರಿಯನ್ನು ‘ಗ’ ಪ್ರತಿಯೆಂದೂ ಹೆಸರಿಸಲಾಯಿತು. ‘ಕ’ ಪ್ರತಿಯು ನೀಲಿ ಶಾಯಿಯದು, ಸುಸ್ಥಿತಿಯಲ್ಲಿದೆ, ಪ್ರಕೃತ ಪುಟದ ಅಂಚಿನಲ್ಲಿ ಲೋಟದ ಕಲೆಯಿದೆ. ‘ಖ’ ಪ್ರತಿಯಲ್ಲಿ ಮುಂಗಡದ ಮೊತ್ತವಿಲ್ಲದೆ ಒಂದು ಟಿಕ್ಕು ಮಾತ್ರ ಇದೆ. ‘ಗ’ ಪ್ರತಿ ತ್ರುಟಿತ. ಬೇಕಾದ ಪುಟವನ್ನು ಬೀಡಿಯ ಬೆಂಕಿಗೋ ಬೇರೆ ಲೌಕಿಕ ಕಾರಣಕ್ಕೋ ಹರಿಯಲಾಗಿದೆ. ಮುಂದೆ ಲಿಪಿಯ ವಿಚಾರ: ಕೈಬರಹದಲ್ಲಿ ೬ ಮತ್ತು ೯ರ ಭೇದವು ಸುಳಿ ಎಲ್ಲಿದೆ, ಬಾಲ ಯಾವ ಕಡೆಗೆ ತಿರುಗಿದೆ ಎಂಬುದರಲ್ಲಿ ಅಡಗಿರುವುದರಿಂದ, ಅದೇ ಲಿಪಿಕಾರನು ಬೇರೆಡೆ ಬರೆದ ಆರುಗಳನ್ನೂ ಒಂಬತ್ತುಗಳನ್ನೂ ಸಂಗ್ರಹಿಸಿ ಒಂದು ತುಲನಾತ್ಮಕ ಪಟ್ಟಿಯನ್ನು ತಯಾರಿಸಲಾಯಿತು. ಮಳೆಗಾಲದಲ್ಲಿ ಲಿಪಿಕಾರನ ಸುಳಿಗಳು ಸಡಿಲವಾಗುತ್ತವೆ, ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಬಿಗಿಯುತ್ತವೆ ಎಂಬುದು ಈ ಪಟ್ಟಿಯಿಂದ ದೊರೆತ ಉಪಫಲ. ಅದನ್ನು ಯಾರೂ ಕೇಳಿರಲಿಲ್ಲ.

ಆಂತರಿಕ ಪ್ರಮಾಣಗಳು ಒಂಬೈನೂರರ ಕಡೆಗೆ ವಾಲುತ್ತಿದ್ದವು. ಮುಂಗಡವನ್ನು ಕೊಟ್ಟದ್ದು ಗೌರಿಹಬ್ಬದ ವಾರದಲ್ಲಿ. ಹಬ್ಬದ ಖರ್ಚಿಗೆ ದೊಡ್ಡ ಮೊತ್ತವೇ ಸಹಜ. ಇದಲ್ಲದೆ ಎರಡು ಪಾಠಗಳಲ್ಲಿ ಸುಲಭವಾದುದಕ್ಕಿಂತ ಕ್ಲಿಷ್ಟವಾದುದಕ್ಕೆ ಹೆಚ್ಚು ಮನ್ನಣೆ ಕೊಡಬೇಕೆಂಬುದು ಸಂಪಾದಕರು ಒಪ್ಪಿದ ಮಾತು, ಏಕೆಂದರೆ ಪ್ರತಿಕಾರರು ಕಷ್ಟವಾದುದನ್ನು ಸುಲಭ ಮಾಡುತ್ತಾರೆಯೇ ಹೊರತು ಸುಲಭವಾದುದನ್ನು ಕಷ್ಟ ಮಾಡುವುದಿಲ್ಲ. ಈ ತತ್ತ್ವವನ್ನು ಅನ್ವಯಿಸಿದಾಗ ಪ್ರಬಂಧಕಾರನಿಗೆ ಒಂದು ಮಹತ್ತ್ವದ ಸಂಗತಿ ಹೊಳೆಯಿತು. ೬೦೦ ಎಂಬ ಪಾಠವನ್ನು ಹಿಡಿದರೆ 300 ರೂಪಾಯಿಯ ವ್ಯತ್ಯಾಸ ಮಾಯವಾಗಿ ತಾಳೆಪಟ್ಟಿ ಹೊಂದುತ್ತದೆ. ಅಷ್ಟು ಅನುಕೂಲವಾದ ಪಾಠವು ಲೆಕ್ಕವನ್ನು ಹೊಂದಿಸುವ ಆಸೆಯಿಂದ ನಂತರದವರು ತಿದ್ದಿದ ಪಾಠವಾಗಿರುವ ಸಂಭವವೇ ಹೆಚ್ಚು. ಆದ್ದರಿಂದ ಲೆಕ್ಕ ಹೊಂದದಂತೆ ಮಾಡುವ ೯೦೦ ಎಂಬುದೇ ಮೂಲಪಾಠ. ಲೆಕ್ಕ ಹೊಂದುವುದು ಬಾಹ್ಯ ಪ್ರಮಾಣ ಮಾತ್ರವಾದ್ದರಿಂದ ಅದಕ್ಕೆ ಎರಡನೆಯ ಸ್ಥಾನ ಸಾಕೆಂದು ತೀರ್ಮಾನಿಸಿ, ಪಾಠಾಂತರಗಳ ಅಡಿಟಿಪ್ಪಣಿಗಳೊಡನೆ ನಾಲ್ಕು ಪುಟಗಳ ಒಂದು ಟಿಪ್ಪಣಿಯನ್ನು ಸಿದ್ಧಪಡಿಸಿ ಆಡಿಟರ ಮೇಜಿನ ಮೇಲೆ ಇಡಲಾಯಿತು. ಅದರಲ್ಲಿ ತೋಟದ ಮಾಲೀಕರಿಗೆ ಕೃತಜ್ಞತೆಗಳೂ ಇದ್ದವು.

ಆಡಿಟರು ಮೊದಲ ಪುಟವನ್ನು ಓದಿದರು, ಕೊನೆಯ ಪುಟವನ್ನು ನೋಡಿದರು, ನಡುವಿನ ಎರಡು ಪುಟಗಳನ್ನು ಬೆಳಕಿಗೆ ಹಿಡಿದರು. ‘ಮೇಷ್ಟ್ರೇ, ಇದರಲ್ಲಿ ಮುನ್ನೂರು ರೂಪಾಯಿ ಎಲ್ಲಿದೆ?’ ಎಂದು ಅವರು ಕೇಳಿದ ಪ್ರಶ್ನೆಗೆ ಟಿಪ್ಪಣಿಯಲ್ಲಿ ಅವಕಾಶವಿರಲಿಲ್ಲ. ಹಿರಿಯ ಗುಮಾಸ್ತೆಯು ಅಷ್ಟರಲ್ಲಿ ಫೋನು ತೆಗೆದು, ‘ರೈಟ್ರೇ, ಆ ಮುಂಗಡ ಆರ್ನೂರಾ ಒಂಬೈನೂರಾ?’ ಎಂದರು. ‘ಆರ್ನೂರು ಮೇಡಂ. ಒಂಬೈನೂರು ಯಾರ್ ಕೊಡ್ತಾರೆ, ನಮ್ ಸಾವ್ಕಾರ್ರಾ?’ ಎಂಬ ಉತ್ತರ ಇಡೀ ಕಚೇರಿಗೆ ಕೇಳಿಸಿತು. ಲಿಪಿಕಾರನು ಬದುಕಿದ್ದು ದೂರವಾಣಿಯಲ್ಲಿ ಸಿಗುವ ಸಂದರ್ಭವನ್ನು ಗ್ರಂಥಸಂಪಾದನಾಶಾಸ್ತ್ರವು ಪರಿಗಣಿಸಿಲ್ಲವೆಂಬುದು ಆ ಶಾಸ್ತ್ರದ ಗಂಭೀರ ಕೊರತೆಯೆಂದು ಪ್ರಬಂಧಕಾರನು ಇಂದಿಗೂ ಭಾವಿಸುತ್ತಾನೆ.

ಫೋನಿಡುವ ಮುನ್ನ ರೈಟರು ಇನ್ನೊಂದು ಮಾತು ಸೇರಿಸಿದರು: ‘ಆಯಮ್ಮ ತೀರ್ಕೊಂಡು ವರ್ಷ ಆಯ್ತು, ಅದನ್ನ ವಜಾ ಹಾಕ್ಬಿಡಿ.’ ನಾಲ್ಕು ಪುಟಗಳ ಟಿಪ್ಪಣಿಯಲ್ಲಿ ಸುಳಿಯ ಬಗೆಗೆ, ಬಾಲದ ಬಗೆಗೆ, ಲೋಟದ ಕಲೆಯ ಬಗೆಗೆ ಉಲ್ಲೇಖವಿತ್ತು. ಆ ಖಾತೆ ಯಾರ ಹೆಸರಿನದೆಂಬ ಉಲ್ಲೇಖವಿರಲಿಲ್ಲ. ವಸೂಲಾಗದ ಬಾಕಿಯನ್ನು ಪುಸ್ತಕದಿಂದ ತೆಗೆದುಹಾಕುವುದಕ್ಕೆ ವಜಾ ಎನ್ನುತ್ತಾರೆ. ಅದರ ತೆರಿಗೆಯ ವಿಧಾನವನ್ನು ತಿಳಿಯಲೆಂದು ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 36ನೆಯ ಸೆಕ್ಷನ್ನನ್ನು ತೆರೆದರೆ, ಮುಳುಗಿದ ಸಾಲವನ್ನು ಕುರಿತ ಉಪವಾಕ್ಯದ ಹಿಂದೆಯೇ, ವ್ಯಾಪಾರಕ್ಕೆ ಬಳಸಿದ ಪ್ರಾಣಿಗಳು ಸತ್ತರೆ ಅಥವಾ ಶಾಶ್ವತವಾಗಿ ನಿರುಪಯುಕ್ತವಾದರೆ, ಕಳೇಬರದಿಂದ ಬಂದ ಹಣವನ್ನು ಅವುಗಳ ಬೆಲೆಯಿಂದ ಕಳೆದು ಉಳಿದುದನ್ನು ಖರ್ಚೆಂದು ತೋರಿಸಬಹುದೆಂಬ ಉಪವಾಕ್ಯವಿದೆ. ಎತ್ತಿಗೆ ಕಾಯ್ದೆಯು ಒಂದು ಪ್ರತ್ಯೇಕ ಸಾಲನ್ನೇ ಕೊಟ್ಟಿದೆ. ಆಳಿಗೆ ಕೊಟ್ಟ ಮುಂಗಡವು ಹಿಂದೆ ಆದಾಯವೆಂದು ಲೆಕ್ಕಕ್ಕೆ ಬಂದದ್ದಲ್ಲವಾದ ಕಾರಣ ಮುಳುಗಿದ ಸಾಲದ ಉಪವಾಕ್ಯಕ್ಕೂ ಸೇರದು, ವ್ಯಾಪಾರದ ಸಾಮಾನ್ಯ ನಷ್ಟದಲ್ಲಿ ಅದಕ್ಕೊಂದು ಜಾಗ ಹುಡುಕಬೇಕೆಂದು ಆಡಿಟರು ವಿವರಿಸಿದರು. ಅವರ ವಿವರಣೆ ಶಾಸ್ತ್ರಸಮ್ಮತವಾಗಿತ್ತು. ಮಧ್ಯಾಹ್ನದ ಊಟಕ್ಕೆ ಆ ದಿನ ಪ್ರಬಂಧಕಾರನು ಹೋಗಲಿಲ್ಲ, ಅದನ್ನು ಕಚೇರಿಯವರು ಟಿಪ್ಪಣಿಯ ಸೋಲಿಗೆ ಸಂಬಂಧಿಸಿದ ಬೇಸರವೆಂದು ತಿಳಿದರು.

ಕಾಫಿಯ ಲೆಕ್ಕದಲ್ಲಿ ಕಾವ್ಯಕ್ಕೆ ಸಮೀಪವಾದ ಬೇರೆ ಭಾಗಗಳೂ ಇವೆ. ಬೆಳೆಗಾರನು ತಾನು ಬೆಳೆದ ಕಾಫಿಯನ್ನು ಸಂಸ್ಕರಿಸದೆ ಮಾರಿದರೆ ಬಂದ ಆದಾಯವೆಲ್ಲವೂ ಕೃಷಿಯದು. ಕ್ಯೂರಿಂಗ್ ಮಾಡಿ ಮಾರಿದರೆ ಆಗ ಜಾರಿಯಲ್ಲಿದ್ದ 1962ರ ಆದಾಯ ತೆರಿಗೆ ನಿಯಮಗಳ 7ಬಿ ಪ್ರಕಾರ ಅದರ ಶೇಕಡಾ 25 ಭಾಗ ವ್ಯಾಪಾರದ್ದಾಗುತ್ತಿತ್ತು. ಹುರಿದು ಪುಡಿ ಮಾಡಿ ಮಾರಿದರೆ, ಚಿಕೋರಿ ಬೆರೆಸಿದರೂ ಸರಿ ಬೆರೆಸದಿದ್ದರೂ ಸರಿ, ಶೇಕಡಾ 40 ಭಾಗ ವ್ಯಾಪಾರದ್ದಾಗುತ್ತಿತ್ತು. ಒಂದೇ ಲೋಟದೊಳಗೆ ಬೇಸಾಯ ಎಲ್ಲಿ ಮುಗಿದು ವಾಣಿಜ್ಯ ಎಲ್ಲಿ ಆರಂಭವಾಗುತ್ತದೆಂಬುದನ್ನು ಇಷ್ಟು ನಿಖರವಾಗಿ ಹೇಳಿದ ಶಾಸ್ತ್ರವು, ಶಾಂತರಸವು ಎಲ್ಲಿ ಆರಂಭವಾಗುತ್ತದೆಂದು ಇನ್ನೂ ಜಗಳವಾಡುತ್ತಿರುವ ಅಲಂಕಾರಶಾಸ್ತ್ರಕ್ಕಿಂತ ಒಂದು ಹೆಜ್ಜೆ ಮುಂದಿದೆಯೆಂದೇ ಹೇಳಬೇಕು. ದೊಡ್ಡ ಕಂಪನಿಗಳು ಪಾಲಿಸಬೇಕಾದ ಇಂಡ್ ಎಎಸ್ ಎಂಬ ಲೆಕ್ಕಮಾನದಂಡಗಳಲ್ಲಿ ಕಾಫಿ ಗಿಡವು ಯಂತ್ರಗಳ ಪಂಕ್ತಿಯಲ್ಲಿ ಕುಳಿತು ವರ್ಷವರ್ಷ ಸವಕಳಿ ಕಾಣುತ್ತದೆ, ಅದರ ಮೇಲಿನ ಹಣ್ಣು ಮಾತ್ರ ಜೈವಿಕ ಆಸ್ತಿಯೆನಿಸಿ ಸವಕಳಿಯಿಂದ ಪಾರಾಗುತ್ತದೆ. ಮೂಡಿಗೆರೆಯ ತೋಟಕ್ಕೆ ಈ ಮಾನದಂಡ ಅನ್ವಯಿಸುವುದಿಲ್ಲ. ಆದರೂ ಪ್ರಬಂಧಕಾರನು ಅದನ್ನು ಸಂಪೂರ್ಣವಾಗಿ ಓದಿದ್ದಾನೆ.

ಸಾಹಿತ್ಯದ ವಿದ್ಯಾರ್ಥಿಗೆ ಟ್ಯಾಲಿಯಲ್ಲಿ ನ್ಯಾಯವಾಗಿ ದಕ್ಕಿದ ಜಾಗವೊಂದಿದ್ದರೆ ಅದು ಪ್ರತಿಯೊಂದು ವೋಚರಿನ ತಳದಲ್ಲಿರುವ ‘ನರೇಶನ್’ ಎಂಬ ಖಾಲಿ ಸ್ಥಳ. ವ್ಯವಹಾರ ಏತಕ್ಕಾಯಿತೆಂಬುದನ್ನು ಅಲ್ಲಿ ಒಂದು ವಾಕ್ಯದಲ್ಲಿ ಬರೆಯಬೇಕು. ಇತರರು ಇಲ್ಲಿ ‘ಬೀಯಿಂಗ್ ಕ್ಯಾಶ್ ಪೇಯ್ಡ್’ ಎಂದು ಒಮ್ಮೆ ಬರೆದು ಅದನ್ನೇ ಮಾರ್ಚ್ 31ರವರೆಗೆ ನಕಲು ಮಾಡುತ್ತಾರೆ. ಪ್ರಬಂಧಕಾರನ ಪದ್ಧತಿ ಭಿನ್ನವಾಗಿತ್ತು. ತೋಟದ ನೀರಿನ ಮೋಟಾರು ಸುಟ್ಟು ಅದನ್ನು ಸರಿಪಡಿಸಿದ ಬಿಲ್ಲಿಗೆ ಅವನು ‘ದಗ್ಧಮೋಟಾರುಪುನರುಜ್ಜೀವನವೆಚ್ಚ’ ಎಂದು ಬರೆದು, ಆಮೇಲೆ ಸಂಸ್ಕೃತದ ‘ದಗ್ಧ’ಕ್ಕೆ ಇಂಗ್ಲಿಷಿನ ‘ಮೋಟಾರು’ ಸೇರಿದ್ದರಿಂದ, ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಚರ್ಚಿಸಿರುವ ಅರಿಸಮಾಸದ, ಅಂದರೆ ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಕೂಡದ ರೀತಿಯಲ್ಲಿ ಕೂಡಿಸುವ ದೋಷವು ಇಲ್ಲಿಗೂ ವಿಸ್ತರಿಸುತ್ತದೆಯೇ ಎಂಬ ಚಿಂತೆಯಲ್ಲಿ ಅರ್ಧ ದಿನ ಕಳೆದನು. ಸಾಲದ ಅರ್ಜಿಯ ಜೊತೆಗೆ ಈ ಪುಸ್ತಕದ ಪ್ರತಿ ಕೇಳಿದ್ದ ಬ್ಯಾಂಕಿನಿಂದ ಬಂದ ಫೋನಿಗೆ ಆಡಿಟರು ‘ಅದು ಕನ್ನಡವೇ ಸರ್, ಕನ್ನಡವೇ’ ಎಂದು ಬಹಳ ಹೊತ್ತು ಸಮಾಧಾನ ಹೇಳಿ, ಫೋನಿಟ್ಟು, ‘ಮೇಷ್ಟ್ರೇ, ಕನ್ನಡದಲ್ಲೇ ಬರೀರಿ, ಬೇಡ ಅನ್ನಲ್ಲ. ಆದರೆ ಸಮಾಸ ಸ್ವಲ್ಪ ಕಮ್ಮಿ ಮಾಡಿ. ಮೋಟಾರ್ ರಿಪೇರಿ ಅಂದ್ರೆ ಸಾಕು’ ಎಂದರು. ಆ ಪದಗಳೆರಡೂ ಇಂಗ್ಲಿಷಿನವೇ ಆದ ಕಾರಣ ಅರಿಸಮಾಸದ ದೋಷ ತಗಲುವುದಿಲ್ಲವೆಂದು ಪ್ರಬಂಧಕಾರನು ಒಪ್ಪಿ ತಿದ್ದಿದನು.